ಕಡೇ ಸಾಲಿಗೂ ಮುಟ್ಟಿದ ದನಿ: ಸವಾಯಿ ಗಂಧರ್ವರು

ನಮ್ಮ ಸಂಘ ಇಪ್ಪತ್ತೈದು ವರುಷ ತುಂಬಿಸಿಕೊಂಡ ಈ ಸಂತೋಷದ ಹೊತ್ತಿನಲ್ಲಿ ಸಾಲ, ಠೇವಣಿ, ಬೀಜ, ಗೊಬ್ಬರದ ಲೆಕ್ಕ ಬೇರೆ ಪುಟಗಳಲ್ಲಿ ಬಂದೇ ಬರುತ್ತದೆ. ನಾವು ಈ ಪುಟಗಳಲ್ಲಿ ಒಂದು ದನಿಯ ಲೆಕ್ಕ ಹೇಳಬೇಕೆಂದಿದ್ದೇವೆ. ಒಡೆದು ಹೋದ ದನಿಯನ್ನು ದುಡಿದು ದುಡಿದು ಗಳಿಸಿಕೊಂಡು, ಅದನ್ನು ಬಡ್ಡಿ ಸಮೇತ ನಾಡಿಗೆ ತಿರುಗಿ ಕೊಟ್ಟವರ ಲೆಕ್ಕ ಅದು.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಂದಿಗೆ ಪುಣೆ ಪಟ್ಟಣ ಹೊಸದಲ್ಲ. ದುಡಿಯಲಿಕ್ಕೆ ಅಂತ ಗಾಣಗಾಪುರ ರೋಡ್ ಸ್ಟೇಶನ್ನಿನಲ್ಲೋ ಕಲಬುರಗಿಯಲ್ಲೋ ರೈಲು ಹತ್ತಿ ಸೊಲ್ಲಾಪುರದ ಮೇಲಿಂದ ಪುಣೆಗೆ ಹೋದವರು ನಮ್ಮ ಒಂದೊಂದು ಓಣಿಯಲ್ಲೂ ಇದ್ದಾರೆ. ಆ ಪುಣೆಯಲ್ಲಿ ಚಳಿಗಾಲದಲ್ಲಿ ಒಂದು ದೊಡ್ಡ ಸಂಗೀತ ಉತ್ಸವ ನಡೆಯುತ್ತದೆ. ದೇಶದ ಮೂಲೆಮೂಲೆಯ ಗವಾಯಿಗಳು ಅಲ್ಲಿ ಹಾಡುವುದನ್ನು ದೊಡ್ಡ ಮರ್ಯಾದೆ ಎಂದು ತಿಳಿಯುತ್ತಾರೆ. ಅದರ ಹೆಸರು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಆ ಹೆಸರಿನೊಳಗಿನ ಗುರುವೂ ಕನ್ನಡ ನಾಡಿನವನೇ, ಶಿಷ್ಯನೂ ಕನ್ನಡ ನಾಡಿನವನೇ. ಶಿಷ್ಯ ಭೀಮಸೇನ ಜೋಶಿಯವರ ಹೆಸರು ಎಲ್ಲರಿಗೂ ಗೊತ್ತು, ಅವರ ದಾಸರ ಪದಗಳನ್ನು ಕೇಳದ ಮನೆಯಿಲ್ಲ. ಗುರುವಿನ ಕಥೆ ಗೊತ್ತಿದ್ದವರು ಕಡಿಮೆ. ಅದಕ್ಕೇ ಈ ಬರಹ.

ಕುಂದಗೋಳದ ಹುಡುಗ

ಸವಾಯಿ ಗಂಧರ್ವರ ನಿಜ ಹೆಸರು ರಾಮಚಂದ್ರ. ಮಂದಿ ಪ್ರೀತಿಯಿಂದ ರಾಮಭಾವು ಎನ್ನುತ್ತಿದ್ದರು. 1886ರ ಜನವರಿ 19ರಂದು ಹುಟ್ಟಿದರು. ಊರು ಧಾರವಾಡ ಜಿಲ್ಲೆಯ ಕುಂದಗೋಳ, ಹುಬ್ಬಳ್ಳಿಯ ಮಗ್ಗಲಿಗೇ ಇರುವ ಊರು. ಆಗ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಗಣೇಶ ಸಂಶಿಯವರು ಅಲ್ಲಿಯ ನಾಡಿಗೇರ ಮನೆತನದಲ್ಲಿ ಕಾರಕೂನಿಕೆ ಮಾಡುತ್ತಿದ್ದರು. ದೊಡ್ಡ ಆಸ್ತಿವಂತರ ಮನೆಯಲ್ಲ, ಲೆಕ್ಕ ಬರೆದು ಹೊಟ್ಟೆ ಹೊರೆಯುವ ಮನೆ. ಮಗ ನಾಲ್ಕು ಅಕ್ಷರ ಕಲಿತು ನೌಕರಿ ಹಿಡಿಯಲಿ ಎಂದು ಹುಬ್ಬಳ್ಳಿಯ ಸಾಲಿಗೆ ಹಾಕಿದರು. ಹುಡುಗ ರೈಲಿನಲ್ಲಿ ಹೋಗಿ ಬರುತ್ತಿದ್ದ. ಆದರೆ ಅವನ ಚಿತ್ತ ಪುಸ್ತಕದಲ್ಲಿ ನಿಲ್ಲಲಿಲ್ಲ, ಹಾಡಿನಲ್ಲಿ ನಿಂತಿತು.

ಕುಂದಗೋಳದಲ್ಲೇ ಬಲವಂತರಾವ ಕೊಲ್ಹಟಕರ ಎಂಬ ಗುರುಗಳು ಅವನಿಗೆ ಮೊದಲ ಪಾಠ ಹೇಳಿದರು. ಧ್ರುಪದ, ತರಾನಾ, ತಾಳಗಳ ತಳಪಾಯ ಅಲ್ಲಿ ಬಿತ್ತು. 1898ರಲ್ಲಿ ಆ ಗುರುಗಳು ತೀರಿಕೊಂಡರು. ಹುಡುಗನಿಗೆ ಆಗ ಹನ್ನೆರಡು ವರುಷ. ಗುರು ಹೋದ ದುಃಖದ ಬೆನ್ನಿಗೇ ಮತ್ತೊಂದು ಪೆಟ್ಟು ಬಿತ್ತು. ಚಿಕ್ಕಂದಿನಲ್ಲಿ ಜೇನಿನಂತಿದ್ದ ದನಿ ವಯಸ್ಸಿಗೆ ಬರುವ ಕಾಲಕ್ಕೆ ಒಡೆದು ಬಿರುಸಾಯಿತು, ಹೇಳಿದ ಮಾತು ಕೇಳದಾಯಿತು.

ದನಿ ಒಡೆಯುವುದು ಅಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಯಾಕೆಂದರೆ ನಮ್ಮ ಭಜನಾ ಮಂಡಳಿಗಳಲ್ಲಿ ಎಷ್ಟೋ ಗಂಡುಹುಡುಗರ ಹಾಡು ಇಲ್ಲಿಗೇ ನಿಂತುಬಿಡುತ್ತದೆ. ಗಂಟಲಿನ ಗೂಡಿನೊಳಗೆ ಎರಡು ಸಣ್ಣ ಮಾಂಸದ ಮಡಿಕೆಗಳಿವೆ. ಉಸಿರು ಬಂದು ತಾಗಿದಾಗ ಅವು ಅದುರಿ ದನಿ ಹುಟ್ಟುತ್ತದೆ. ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಹುಡುಗರ ಗಂಟಲಗೂಡು ಬೆಳೆದು ಈ ಮಡಿಕೆಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ತಂತಿ ಉದ್ದವಾದರೆ, ದಪ್ಪವಾದರೆ ಸುರ ಇಳಿಯುತ್ತದಲ್ಲ, ಹಂಗೇ ದನಿಯೂ ಸುಮಾರು ಒಂದು ಸಪ್ತಕದಷ್ಟು ಕೆಳಗೆ ಇಳಿಯುತ್ತದೆ. ಹೊಸ ಎತ್ತು ನೊಗಕ್ಕೆ ಒಗ್ಗುವವರೆಗೆ ಹೆಂಗ ಎಳೆದಾಡುತ್ತದೋ ಹಂಗ ಕೆಲವು ತಿಂಗಳು ದನಿ ಎಳೆದಾಡುತ್ತದೆ. ಅದು ರೋಗವಲ್ಲ, ಬೆಳವಣಿಗೆ. ಆದರೆ ಮಂದಿ ನಗುತ್ತಾರೆ, ಹುಡುಗ ನಾಚಿಕೊಂಡು ತಾಳ ಕೆಳಗಿಟ್ಟು ಎದ್ದು ಹೋಗುತ್ತಾನೆ. ರಾಮಭಾವು ಎದ್ದು ಹೋಗಲಿಲ್ಲ. ಅವರ ಜೀವನದ ಮುಖ್ಯ ಸಂಗತಿ ಇದೇ ಎಂದು ನಾವು ತಿಳಿದಿದ್ದೇವೆ.

ಖಾನ್ ಸಾಹೇಬರ ಎಂಟು ವರುಷದ ಕರಾರು

ಆ ಕಾಲಕ್ಕೆ ಉಸ್ತಾದ ಅಬ್ದುಲ್ ಕರೀಂ ಖಾನರ ಹೆಸರು ದೊಡ್ಡದು. ಉತ್ತರದ ಕೈರಾನಾ ಎಂಬ ಊರಲ್ಲಿ 1872ರಲ್ಲಿ ಹುಟ್ಟಿ, ಮುಂದೆ ಮಿರಜಿನಲ್ಲಿ ನೆಲೆನಿಂತವರು. ಕಿರಾಣಾ ಘರಾಣೆಗೆ ಹೆಸರು ಬಂದದ್ದೇ ಆ ಊರಿನಿಂದ. ಮೈಸೂರು ಅರಮನೆಗೆ ಹೋಗಿ ಬರುವ ದಾರಿಯಲ್ಲಿ ಅವರು ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದರು, ಕುಂದಗೋಳದ ನಾಡಿಗೇರ ವಾಡೆಗೂ ಬರುತ್ತಿದ್ದರು. ಅಲ್ಲಿ ಅವರ ಹಾಡು ಕೇಳಿದ ಗಣೇಶ ಸಂಶಿಯವರು ಮಗನನ್ನು ಅವರ ಕೈಗೆ ಒಪ್ಪಿಸಿದರು. ಖಾನ್ ಸಾಹೇಬರು ಒಂದೇ ಕರಾರು ಹಾಕಿದರು. ಹುಡುಗ ಎಂಟು ವರುಷ ತಮ್ಮ ಹತ್ತಿರವೇ ಇದ್ದು ಕಲಿಯಬೇಕು, ನಡುವೆ ಬಿಟ್ಟು ಹೋಗಬಾರದು. ಕಾರಕೂನರು ಒಪ್ಪಿದರು. ಬ್ರಾಹ್ಮಣರ ಮನೆಯ ಹುಡುಗ ಮುಸಲ್ಮಾನ ಗುರುವಿನ ಶಿಷ್ಯನಾದ. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಎಲ್ಲ ಜಾತಿಯವರೂ ಸಕ್ಕರೆ ಓದಿಸುವ, ಮೊಹರಮ್ಮಿಗೆ ಎಲ್ಲರೂ ಕೂಡಿ ರಿವಾಯತ ಹಾಡುವ ನಮ್ಮ ಸೀಮೆಯವರಿಗೆ ಇದೇನು ಬೆರಗಲ್ಲ.

ಕಿರಾಣಾ ಪದ್ಧತಿಯಲ್ಲಿ ಸುರವೇ ದೇವರು. ರಾಗವನ್ನು ಅವಸರದಿಂದ ಹರಡುವುದಿಲ್ಲ, ಒಂದೊಂದು ಸುರವನ್ನೂ ನಿಲ್ಲಿಸಿ, ತಿದ್ದಿ, ಅದರ ಬೆಳಕು ಬಂದ ಮೇಲೆ ಮುಂದಿನದಕ್ಕೆ ಹೋಗುತ್ತಾರೆ. ಇಂಥ ಪಾಠದಲ್ಲಿ ಶಿಷ್ಯನ ಮೊದಲ ಕೆಲಸ ತಂಬೂರಿಯ ಎದುರು ಕೂತು ಷಡ್ಜ ಹಚ್ಚುವುದು. ಬೆಳಗಿನ ಜಾವದಲ್ಲಿ ಕೆಳಗಿನ ಸಪ್ತಕದ ಸುರಗಳನ್ನು ಮೆಲ್ಲಗೆ, ಉದ್ದಕ್ಕೆ, ಒಂದೇ ಉಸಿರಿನಲ್ಲಿ ಹಿಡಿಯುವುದಕ್ಕೆ ಗವಾಯಿಗಳು ಖರಜದ ಸಾಧನೆ ಎನ್ನುತ್ತಾರೆ. ಕೇಳುವವರಿಗೆ ಬೇಸರ ಬರುವಂಥ ಕೆಲಸ ಅದು. ಆದರೆ ಗಂಟಲನ್ನು ಗಟ್ಟಿ ಮಾಡುವುದು ಅದೇ. ಮೇಲಿನ ಸುರಕ್ಕೆ ಹಾರುವ ಹುಡುಗ ಗಂಟಲು ಹಿಚುಕಿ ಹಾಡುತ್ತಾನೆ. ಕೆಳಗಿನ ಸುರದಲ್ಲಿ ಪಳಗಿದವನು ಗಂಟಲು ಸಡಿಲ ಬಿಟ್ಟು, ಭಾರವನ್ನೆಲ್ಲ ಉಸಿರಿನ ಮೇಲೆ ಹಾಕಲು ಕಲಿಯುತ್ತಾನೆ.

ಗುರುವಿನ ದನಿ ಎಳೆಯಾಗಿ, ರೇಶಿಮೆಯಂತೆ ಇತ್ತು. ಶಿಷ್ಯನ ದನಿ ಬಿರುಸು. ಗುರುವಿನ ಗಂಟಲನ್ನು ನಕಲು ಮಾಡುವುದು ಸಾಧ್ಯವಿರಲಿಲ್ಲ. ಹಾಗಾಗಿ ಗುರುವಿನ ಸುರದ ದಾರಿಯನ್ನು ಹಿಡಿದು, ತನ್ನ ಬಿರುಸು ಗಂಟಲಿನಿಂದಲೇ ಆ ದಾರಿ ನಡೆಯುವುದನ್ನು ರಾಮಭಾವು ಕಲಿತರು. ಅದು ಇಪ್ಪತ್ತನೆಯ ಶತಮಾನದ ಮೊದಲ ದಶಕ. ಅದೇ ದಶಕದಲ್ಲಿ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘ ಕಟ್ಟಿದ್ದರು. ಹನಿಹನಿ ಕೂಡಿಸಿದರೆ ಹಳ್ಳವಾಗುತ್ತದೆ ಎಂಬುದನ್ನು ಒಬ್ಬರು ರೊಕ್ಕದಲ್ಲಿ ತೋರಿಸುತ್ತಿದ್ದಾಗ, ಮತ್ತೊಬ್ಬರು ಅಷ್ಟೇನು ದೂರವಲ್ಲದ ಊರಿನವರು ಅದನ್ನು ಸುರದಲ್ಲಿ ಕಲಿಯುತ್ತಿದ್ದರು.

ಮೈಕಿಲ್ಲದ ರಂಗ

ಕಲಿತು ಹೊರಬಿದ್ದ ರಾಮಭಾವು ನಾಟಕ ಕಂಪನಿ ಸೇರಿದರು. ಖಾನ್ ಸಾಹೇಬರಿಗೆ ಇದು ಮನಸ್ಸಿಗೆ ಬರಲಿಲ್ಲ. ಶುದ್ಧ ಸಂಗೀತ ಕಲಿತವನು ಬಣ್ಣ ಹಚ್ಚುವುದು ಗುರುವಿಗೆ ಹೆಂಗ ಹಿತವಾದೀತು? ಆದರೆ ಆ ಕಾಲದಲ್ಲಿ ಹಾಡುವವನಿಗೆ ಅನ್ನ ಮತ್ತು ಹೆಸರು ಎರಡೂ ನಾಟಕದಲ್ಲೇ ಇದ್ದವು. ಮರಾಠಿ ಸಂಗೀತ ನಾಟಕವನ್ನು 1880ರಲ್ಲಿ ಬೆಳಕಿಗೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುವ ಕಾಲ ಅದು. ರಾಮಭಾವು ಸೀರೆ ಉಟ್ಟು ನಾಯಕಿಯಾಗಿ ರಂಗಕ್ಕೆ ಬಂದರೆ ಮಂದಿ ಕುಣಿದಾಡುತ್ತಿದ್ದರು. ಬಾಲಗಂಧರ್ವರ ಹೆಸರು ಮೆರೆಯುತ್ತಿದ್ದ ದಿನಗಳಲ್ಲೇ ಇವರಿಗೆ ಸವಾಯಿ ಗಂಧರ್ವ ಎಂಬ ಬಿರುದು ಬಂತು, ಹುಟ್ಟಿದ ಹೆಸರನ್ನೇ ಮರೆಸಿತು.

ಸವಾಯಿ ಅಂದರೆ ಒಂದೂಕಾಲು. ನಮ್ಮ ಹಿರಿಯರಿಗೆ ಈ ಮಾತಿನ ಬಿಸಿ ಗೊತ್ತು. ಸಾವಕಾರನ ಹಗೇವಿನಿಂದ ಒಂದು ಚೀಲ ಜೋಳ ತಂದವನು ಸುಗ್ಗಿಗೆ ಒಂದೂಕಾಲು ಚೀಲ ಅಳೆದು ಕೊಡಬೇಕಾಗಿತ್ತು, ಅದಕ್ಕೂ ಸವಾಯಿ ಎಂದೇ ಹೆಸರು. ಅಂಥ ಸಾಲದಿಂದ ಬಡವರನ್ನು ಬಿಡಿಸಲಿಕ್ಕೇ ಸಹಕಾರಿ ಸಂಘಗಳು ಹುಟ್ಟಿದವು. ಇಲ್ಲಿ ಮಾತ್ರ ಆ ಕಾಲು ಪಾಲು ಹೆಚ್ಚಿಗೆ ಕೊಟ್ಟವನು ಹಾಡುಗಾರ, ಪಡೆದವರು ಕೇಳುವ ಮಂದಿ.

ಆಗಿನ ನಾಟಕದ ಥೇಟರು ಹೆಂಗಿತ್ತು ಎಂಬುದನ್ನು ಇಂದಿನ ಹುಡುಗರು ಊಹಿಸಿಕೊಳ್ಳಬೇಕು. ತಗಡಿನ ಮಾಡು ಇಲ್ಲವೆ ಬಟ್ಟೆಯ ಡೇರೆ, ಗ್ಯಾಸಬತ್ತಿಯ ಬೆಳಕು, ಮುಂದೆ ಕುರ್ಚಿ, ಹಿಂದೆ ನೆಲದ ಮೇಲೆ ಕೂತ ನೂರಾರು ಮಂದಿ. ಅಳುವ ಕೂಸು, ಕೆಮ್ಮುವ ಮುದುಕರು, ರಂಗದ ಮುಂದೆ ಕಾಲಪೇಟಿ, ತಬಲಾ, ಸಾರಂಗಿ. ಮೈಕಿಲ್ಲ. ನಾಲ್ಕಾಣೆ ಕೊಟ್ಟು ಕಡೆಗೆ ಕೂತವನಿಗೂ ಪದ ಕೇಳಿಸಬೇಕು, ಅದೂ ರಾತ್ರಿಯಿಡೀ. ವನ್ಸ್‌ಮೋರ್ ಬಂದರೆ ಮತ್ತೆ ಹಾಡಬೇಕು, ನಾಳೆ ಮತ್ತೆ ಅದೇ ನಾಟಕ. ಕೂಗಿ ಹಾಡಿದವನ ಗಂಟಲು ಎಂಟು ದಿನ ತಾಳುವುದಿಲ್ಲ. ಸವಾಯಿ ಗಂಧರ್ವರು ವರ್ಷಾನುಗಟ್ಟಲೆ ಹಾಡಿದರು, ಅದರ ಮೇಲೆ ಬೈಠಕ್ಕಿನ ಹಾಡಿಕೆಗೂ ಗಂಟಲು ಉಳಿಸಿಕೊಂಡರು.

ದನಿ ದೂರ ಹೋಗುವ ಬಗೆ

ಇದು ಹೆಂಗ ಸಾಧ್ಯ? ಬಯಲಿನಲ್ಲಿ ಹಾಡುವಾಗ ದೂರ ಎರಡು ಪಟ್ಟಾದರೆ ದನಿಯ ಬಲ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ಮಾರು ದೂರದವನಿಗೆ ಕೇಳಿದಷ್ಟೇ ಇಪ್ಪತ್ತು ಮಾರು ದೂರದವನಿಗೂ ಕೇಳಬೇಕೆಂದರೆ ನಾಲ್ಕು ಪಟ್ಟು ಬಲ ಬೇಕು. ಅಷ್ಟು ಬಲವನ್ನು ಬರೇ ಒತ್ತಿ ತರುತ್ತೇವೆ ಎಂದರೆ ಗಂಟಲೊಳಗಿನ ಮಡಿಕೆಗಳು ಒಂದಕ್ಕೊಂದು ಬಡಿದು ಬಡಿದು ಬಾಯುತ್ತವೆ. ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ದಿನವಿಡೀ ಹಕ್ಕಿ ಓಡಿಸಿದವನ ದನಿ ಸಂಜೆಗೆ ಹೆಂಗ ಆಗಿರುತ್ತದೆ ಎಂಬುದು ನಮಗೆಲ್ಲ ಗೊತ್ತು.

ಆದರೆ ದನಿಯ ಬಲ ಬೇರೆ, ದನಿಯ ಮೊನೆ ಬೇರೆ. ಮನುಷ್ಯನ ಕಿವಿ ಎಲ್ಲ ಸಪ್ಪಳಕ್ಕೂ ಒಂದೇ ಸಮ ಚುರುಕಿಲ್ಲ. ಸೆಕೆಂಡಿಗೆ ಮೂರು ಸಾವಿರದ ಆಸುಪಾಸು ಅದುರುವ ಸಪ್ಪಳಕ್ಕೆ ಅದು ಬಹಳ ಚುರುಕು. ಪಾಶ್ಚಾತ್ಯ ಗಾಯಕರು ಮೈಕಿಲ್ಲದೆ ದೊಡ್ಡ ವಾದ್ಯಮೇಳದ ಮೇಲೆ ಕೇಳಿಸುವುದು ಹೇಗೆಂದು ಸ್ವೀಡನ್ನಿನ ಯೋಹಾನ್ ಸುಂಡ್‌ಬೆರಿ ಎಂಬ ವಿಜ್ಞಾನಿ 1970ರ ದಶಕದಲ್ಲಿ ಅಳೆದು ನೋಡಿದರು. ಪಳಗಿದ ಗಂಟಲಿನ ದನಿಯಲ್ಲಿ ಸರಿಯಾಗಿ ಇದೇ ಜಾಗದಲ್ಲಿ ಒಂದು ಹೆಚ್ಚಿನ ಹೊಳಪು ಇರುತ್ತದೆ ಎಂದು ತೋರಿತು. ನಮ್ಮ ಮಂದಿ ಇದನ್ನು ತಂಬೂರಿಯಲ್ಲಿ ಎಂದೋ ಕಂಡುಕೊಂಡಿದ್ದರು. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಸಿಕ್ಕಿಸಿ, ಅದನ್ನು ಕೂದಲೆಳೆಯಷ್ಟು ಸರಿಸಿದರೆ ಜವಾರಿ ಬಿಚ್ಚುತ್ತದೆ. ಬೆರಳಿನ ಬಲ ಅಷ್ಟೇ ಇದ್ದರೂ ನಾದ ಕೋಣೆ ತುಂಬುತ್ತದೆ. ಗಂಟಲಿನ ಜವಾರಿ ಬಿಚ್ಚುವುದೂ ಹಂಗೇ. ದವಡೆ ಸಡಿಲ, ಬಾಯಿ ತೆರೆದ ಆಕಾರ, ಪಕ್ಕೆ ಅಗಲಿಸಿ ಹೊಟ್ಟೆಯಿಂದ ತೆಗೆದುಕೊಂಡ ಉಸಿರು, ಸುರ ಮಾತ್ರ ಸೂಜಿಯಂತೆ ಸರಿ. ಸುರ ಸರಿ ಇದ್ದರೆ ಪೇಟಿ ತಂಬೂರಿ ದನಿಗೆ ಹೆಗಲು ಕೊಡುತ್ತವೆ. ತಪ್ಪಿದರೆ ಅವೇ ಅದನ್ನು ನುಂಗುತ್ತವೆ.

ಸವಾಯಿ ಗಂಧರ್ವರ ಹಾಡಿಕೆಯ ಒಂದು ಗುಣವನ್ನು ಕೇಳಿದವರೆಲ್ಲ ನೆನೆದಿದ್ದಾರೆ. ಅವರ ಗಂಟಲು ಕಾಯಲಿಕ್ಕೆ ಹೊತ್ತು ಹಿಡಿಯುತ್ತಿತ್ತು. ಮೊದಮೊದಲು ದನಿ ಒರಟಾಗಿ, ಅಡ್ಡಾಡಲು ಒಲ್ಲೆನೆಂಬಂತೆ ಇರುತ್ತಿತ್ತು. ಅವರು ಅದನ್ನು ಬಡಿದು ಎಬ್ಬಿಸುತ್ತಿರಲಿಲ್ಲ, ಮೆಲ್ಲಗೆ ಕಾಯಿಸುತ್ತಿದ್ದರು. ಒಮ್ಮೆ ದನಿ ಹದಕ್ಕೆ ಬಂದಿತೆಂದರೆ ಮೇಲಿನ ಷಡ್ಜ ಎದೆಗೆ ನಾಟುತ್ತಿತ್ತು. ಅವರ ಗ್ರಾಮಾಫೋನ್ ತಟ್ಟೆಗಳು ಇಂದಿಗೂ ಸಿಗುತ್ತವೆ. ಆದರೆ ಒಂದೊಂದು ಬದಿಗೆ ಮೂರು ಮೂರೂವರೆ ನಿಮಿಷ. ಅಷ್ಟರಲ್ಲಿ ಅವರ ಗಂಟಲು ಕಾಯುವುದೇ ಇಲ್ಲ. ಒಲೆಗೆ ಹಂಚು ಏರಿಸಿದ ಕೂಡಲೆ ರೊಟ್ಟಿ ಕೇಳಿದಂತೆ ಅದು.

ಒಂದು ಪಲುಕು, ಒಂದು ದಿನ

1930ರ ದಶಕದಲ್ಲಿ ಅವರು ನಾಟಕದ ಬಾಳು ಬಿಟ್ಟು ಕುಂದಗೋಳಕ್ಕೆ ಬಂದು ನೆಲೆಸಿದ ಮೇಲೆ ಪಾಠ ಶುರುವಾಯಿತು. ಗಂಗೂಬಾಯಿ ಹಾನಗಲ್ಲರು ಪಾಠಕ್ಕೆಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬರುತ್ತಿದ್ದರು. ಗುರು ಚಿಕ್ಕಂದಿನಲ್ಲಿ ಸಾಲಿಗೆಂದು ಓಡಾಡಿದ ಅದೇ ದಾರಿ. ಒಂದು ಸಣ್ಣ ಪಲುಕು ಹೇಳಿಕೊಟ್ಟು, ಅದು ಸರಿಯಾಗಿ ಕೂಡುವವರೆಗೆ ನೂರು ಸಲ ಹೇಳಿಸುವುದು ಗುರುವಿನ ರೀತಿ. ಹತ್ತಾರು ರಾಗ ತೋರಿಸುವ ಆತುರ ಅವರಿಗೆ ಇರಲಿಲ್ಲ. ನಾಲ್ಕಾರು ರಾಗ ಕೈವಶವಾದರೆ ಮಿಕ್ಕವು ತಾವೇ ಬರುತ್ತವೆ ಎಂಬ ನಂಬಿಕೆ.

ಮುಂದೆ ಗಂಗೂಬಾಯಿಯವರಿಗೂ ಗುರುವಿನ ಗತಿಯೇ ಆಯಿತು. ಗಂಟಲಿನ ಚಿಕಿತ್ಸೆಯ ನಂತರ ಎಳೆಯ ದನಿ ಹೋಗಿ ಗಂಡುದನಿಯಂಥ ಗಡುಸು ದನಿ ಬಂತು. ಬೇರೆ ಯಾರಾದರೂ ಹಾಡುವುದನ್ನೇ ಬಿಡುತ್ತಿದ್ದರು. ಗುರು ಒಡೆದ ದನಿಯಿಂದಲೇ ಮೇಲೆ ಬಂದದ್ದನ್ನು ಕಂಡ ಅವರು ಬಿಡಲಿಲ್ಲ. ಅದೇ ದನಿಯಿಂದ ದೇಶವನ್ನೆಲ್ಲ ತುಂಬಿ, 2009ರಲ್ಲಿ ತೀರಿಕೊಂಡರು.

1936ರ ಸುಮಾರಿಗೆ, ಮನೆ ಬಿಟ್ಟು ಊರೂರು ಅಲೆದು ಬಂದಿದ್ದ ಗದಗಿನ ಹುಡುಗ ಭೀಮಸೇನ ಕುಂದಗೋಳದ ಗುರುಮನೆ ಸೇರಿದ. ನೀರು ಹೊತ್ತ, ಮನೆಗೆಲಸ ಮಾಡಿದ, ಬಹಳ ದಿನ ಬರೇ ಕೇಳಿದ. ಆಮೇಲೆ ಪಾಠ ಸಿಕ್ಕಿತು. ಆ ಹುಡುಗನಿಗೆ 2008ರಲ್ಲಿ ಭಾರತರತ್ನ ಬಂತು. ಪಂಚಾಕ್ಷರಿ ಗವಾಯಿಗಳ ಗರಡಿಯಲ್ಲಿ ಬೆಳೆದ ಬಸವರಾಜ ರಾಜಗುರುಗಳೂ, ಮುಂಬಯಿಯ ಪಾರಸಿ ಮನೆತನದ ಫಿರೋಜ್ ದಸ್ತೂರರೂ ಇವರಿಂದ ಕಲಿತರು. ಈ ನಾಲ್ವರ ದನಿ ಒಂದರಂತೆ ಒಂದಿಲ್ಲ. ಗುರು ತನ್ನ ಗಂಟಲನ್ನು ಶಿಷ್ಯರ ಮೇಲೆ ಹೇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

1940ರ ದಶಕದ ಮೊದಲಿನ ವರುಷಗಳಲ್ಲಿ ಸವಾಯಿ ಗಂಧರ್ವರಿಗೆ ಲಕ್ವ ಹೊಡೆಯಿತು. ಇಷ್ಟು ಕಷ್ಟಪಟ್ಟು ಗಳಿಸಿದ ದನಿ ಮಂದಿಯ ಎದುರು ಮತ್ತೆ ಏಳಲಿಲ್ಲ. ಹಾಡುವುದು ನಿಂತರೂ ಹೇಳಿಕೊಡುವುದು ನಿಲ್ಲಲಿಲ್ಲ. 1946ರಲ್ಲಿ ಪುಣೆಯಲ್ಲಿ ಅವರ ಅರವತ್ತರ ಸಂಭ್ರಮ ನಡೆದಾಗ ಗುರು ಕೂತು ಕೇಳಿದರು, ಹಾಡಿದವರು ಶಿಷ್ಯ ಭೀಮಸೇನ. ಭೀಮಸೇನರ ಹೆಸರು ಮೇಲೆದ್ದದ್ದು ಆ ಹಾಡಿಕೆಯಿಂದಲೇ. 1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಕಣ್ಣು ಮುಚ್ಚಿದರು. ಮರುವರುಷ, 1953ರಲ್ಲಿ, ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರುವಾಯಿತು. ಭೀಮಸೇನರು ಬಹಳ ವರುಷ ಅದನ್ನು ಹೆಗಲ ಮೇಲೆ ಹೊತ್ತು ನಡೆಸಿದರು. ಕುಂದಗೋಳದ ನಾಡಿಗೇರ ವಾಡೆಯಲ್ಲೂ ಅವರ ನೆನಪಿನಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ.

ನಮ್ಮೂರ ಹಾಡಿಗೆ ಇದರಿಂದ ಏನು?

ನಮ್ಮ ಸೀಮೆ ಹಾಡಿಗೆ ಬಡವಿಯಲ್ಲ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದ, ಗಾಣಗಾಪುರದ ದತ್ತನ ಭಜನೆ, ಘತ್ತರಗಿ ಭಾಗ್ಯವಂತಿಯ ಪದ, ಬೀಸುಕಲ್ಲಿನ ಹಾಡು ಎಲ್ಲ ಇವೆ. ಏಕತಾರಿ, ದಮ್ಮಡಿ ಹಿಡಿದು ಶ್ರಾವಣ ಮಾಸವಿಡೀ ಹಾಡಿದ ಹಿರಿಯರು ಮೈಕು ಕಂಡವರಲ್ಲ. ಇಂದು ಸಣ್ಣ ಗುಡಿಯಲ್ಲಿ ಇಪ್ಪತ್ತು ಮಂದಿ ಕೂತರೂ ಮೈಕು ಬೇಕು. ಮೈಕು ಕೆಟ್ಟದ್ದಲ್ಲ. ಆದರೆ ದಮ್ಮಡಿಯ ಮುಂದೊಂದು ಮೈಕು, ಪೇಟಿಗೊಂದು ಮೈಕು, ಅವುಗಳ ಮೇಲೆ ಕೇಳಿಸಲೆಂದು ಹಾಡುವವನು ನರ ಉಬ್ಬಿಸಿ ಕೂಗುವುದು, ಇದರಿಂದ ನಮ್ಮ ಒಳ್ಳೊಳ್ಳೆ ಹಾಡುಗಾರರ ಗಂಟಲು ನಲವತ್ತಕ್ಕೇ ಕೆಡುತ್ತಿದೆ. ಕಲಿಸುವವರ ಗಂಟಲೇ ಹೋದರೆ ಪದಗಳೂ ಅವರ ಬೆನ್ನಿಗೇ ಹೋಗುತ್ತವೆ. ನಷ್ಟ ಒಬ್ಬರದಲ್ಲ, ಊರಿನದು.

ಆದ್ದರಿಂದ ಮಂಡಳಿಯವರಲ್ಲಿ ನಮ್ಮದು ಕೆಲವು ವಿನಂತಿ. ಪೇಟಿಯ ಸುರ ಹಾಡುವವನ ಗಂಟಲಿಗೆ ತಕ್ಕಂತೆ ಇರಲಿ, ಪೇಟಿಗೆ ತಕ್ಕಂತೆ ಗಂಟಲು ಎಳೆಯುವುದು ಬೇಡ. ಹಾಡುವ ಮುಂಚೆ ಒಂದು ಹತ್ತು ನಿಮಿಷ ಕೆಳಗಿನ ಸುರದಲ್ಲಿ ಮೆಲ್ಲಗೆ ಗಂಟಲು ಕಾಯಿಸಿಕೊಳ್ಳಿರಿ. ನೆಟ್ಟಗೆ ಕೂತು, ಭುಜ ಎತ್ತದೆ, ಹೊಟ್ಟೆ ತುಂಬ ಉಸಿರು ತೆಗೆದುಕೊಳ್ಳಿರಿ. ವಾದ್ಯದವರು ಹಾಡಿನ ಹೊತ್ತಿಗೆ ಕೈ ತಗ್ಗಿಸಲಿ. ಆಗಾಗ ಬರೇ ನೀರು ಕುಡಿಯಿರಿ. ತಂಬಾಕು, ಗುಟಕಾ ಗಂಟಲಿಗೂ ಜೀವಕ್ಕೂ ವೈರಿ. ದನಿ ಕೂತರೆ ಒಂದೆರಡು ದಿನ ಮಾತು ಕಡಿಮೆ ಮಾಡಿರಿ. ಪಿಸುಮಾತು ಆಡುತ್ತ ಗಂಟಲು ಹಿಂಡುವುದೂ ಒಳ್ಳೆಯದಲ್ಲ. ಮೂರು ವಾರ ಕಳೆದರೂ ದನಿ ಏಳದಿದ್ದರೆ ಮನೆಮದ್ದು ಸಾಕು ಮಾಡಿ ಕಿವಿ, ಮೂಗು, ಗಂಟಲಿನ ಡಾಕ್ಟರರಿಗೆ ತೋರಿಸಿರಿ.

ಎಲ್ಲಕ್ಕಿಂತ ಮುಖ್ಯವಾದ ವಿನಂತಿ ಮತ್ತೊಂದಿದೆ. ದನಿ ಒಡೆದ ಹುಡುಗನನ್ನು ನೋಡಿ ನಗಬೇಡಿರಿ, ಭಜನೆಯಿಂದ ಎಬ್ಬಿಸಬೇಡಿರಿ. ಮೇಲಿನ ಸುರ ಬಿಡಿಸಿ, ತಾಳ ಕೊಟ್ಟು, ಕೆಳದನಿಯಲ್ಲಿ ಹಾಡಿಸುತ್ತ ಪಕ್ಕದಲ್ಲೇ ಕೂಡಿಸಿಕೊಳ್ಳಿರಿ. ವರುಷ ಎರಡು ವರುಷದಲ್ಲಿ ಅವನ ಹೊಸ ದನಿ ಹದಕ್ಕೆ ಬರುತ್ತದೆ. ದಿನಕ್ಕೊಂದು ರೂಪಾಯಿ ಪಿಗ್ಮಿ ಕಟ್ಟಿದವನ ಖಾತೆ ಹೆಂಗ ಬೆಳೆಯುತ್ತದೋ, ದಿನಕ್ಕೊಂದು ಸುರ ಹಚ್ಚಿದವನ ಗಂಟಲೂ ಹಂಗೇ ಬೆಳೆಯುತ್ತದೆ. ಕಾರಕೂನರ ಮಗ ರಾಮಭಾವು ಅದಕ್ಕೆ ಎಂಟು ವರುಷದ ಮುದ್ದತು ಇಟ್ಟ, ಸವಾಯಿಯಾಗಿ ತಿರುಗಿ ಪಡೆದ.

ಸಂಘವು ಇನ್ನೂ ನೂರು ಕಾಲ ಬಾಳಲಿ, ಅದರ ನೆರಳಿನಲ್ಲಿ ಊರಿನ ಹಾಡೂ ಬಾಳಲಿ ಎಂದು ಹಾರೈಸಿ ಮುಗಿಸುತ್ತೇವೆ.